ಸೋಂಪು ಬಿಡದ ಕೊಳವೆ

ಜನವರಿ 11, ಶನಿವಾರ

ಇವತ್ತು ಸಿಗರೇಟು ಬಿಟ್ಟೆ. ಬಿಟ್ಟೆ ಎಂದು ಬರೆಯುವಾಗಲೇ ಎಡಗೈ ಮೇಜಿನ ಮೇಲೆ ಪ್ಯಾಕೆಟ್ಟಿಗಾಗಿ ತಡಕಾಡುತ್ತಿದೆ. ಬಲಗೈಗಾದರೂ ಕೆಲಸ ಇರಲಿ ಎಂದು ಬರೆಯಲು ಕೂತಿದ್ದೇನೆ. ಬೇರೆ ಉದ್ದೇಶವಿಲ್ಲ.

ಥೆಸಲೋನಿಕಿ ಆಸ್ಪತ್ರೆಯ ಸರ್ಜನ್ ನಿನ್ನೆ ಫೋನಿನಲ್ಲಿ ಸುತ್ತಿ ಬಳಸದೆ ಹೇಳಿದರು. ನನ್ನ ಕಿಡ್ನಿ ಅಮ್ಮನ ಮಗನಿಗೆ ಹೊಂದುತ್ತದೆ. ರಕ್ತದ ಗುಂಪು ಹೊಂದುತ್ತದೆ, ಮತ್ತೇನೇನೋ ಹೊಂದುತ್ತದೆ. ಹೊಂದದಿರುವುದು ನಾವಿಬ್ಬರು, ಅದಕ್ಕೆ ಅವರ ಲ್ಯಾಬಿನಲ್ಲಿ ಪರೀಕ್ಷೆ ಇಲ್ಲ. ಮಾರ್ಚ್ ಕೊನೆಯ ವಾರ ಆಪರೇಷನ್. ಅಷ್ಟರೊಳಗೆ ಸಿಗರೇಟು ಬಿಟ್ಟರಷ್ಟೇ ಸಾಲದು, ಮೈಯಲ್ಲಿ ನಿಕೋಟಿನ್ನೇ ಇರಬಾರದು. ಮೂತ್ರ ಪರೀಕ್ಷೆ ಮಾಡಿ ನೋಡುತ್ತಾರಂತೆ.

ಅಮ್ಮನ ಮಗ ಎಂದರೆ ಲಜಾರೋಸ್. ನನಗಿಂತ ಐದು ವರ್ಷ ಚಿಕ್ಕವನು, ಸ್ಕೂಟರ್ ರಿಪೇರಿ ಮಾಡುತ್ತಿದ್ದವನು, ಈಗ ಡಯಾಲಿಸಿಸ್ ಯಂತ್ರಕ್ಕೆ ಅಂಟಿಕೊಂಡಿರುವವನು. ಆರು ವರ್ಷದಿಂದ ನಮ್ಮಲ್ಲಿ ಮಾತಿಲ್ಲ. ಕಿಡ್ನಿ ಕೊಡುತ್ತೇನೆ ಎಂದದ್ದೂ ಅಮ್ಮನಿಗೆ, ಅವನಿಗಲ್ಲ. ಅಮ್ಮ ಫೋನಿನಲ್ಲಿ ಅಳುತ್ತಿದ್ದಳು. ನಾನು ಬಂದರಿನ ಟಿಕೆಟ್ ಕೌಂಟರಿನಲ್ಲಿದ್ದೆ, ಎದುರಿಗೆ ಸಾಲು ಬೆಳೆಯುತ್ತಿತ್ತು. "ಆಯ್ತಮ್ಮ, ಕೊಡ್ತೀನಿ, ಈಗ ಫೋನ್ ಇಡು" ಎಂದುಬಿಟ್ಟೆ. ಥಾಸೋಸ್ ದ್ವೀಪಕ್ಕೆ ಎರಡು ಟಿಕೆಟ್ಟು, ಒಂದು ಕಾರು, ಒಂದು ಕಿಡ್ನಿ.

ಸುಲ್ತಾನಾಳ ಅಂಗಡಿಗೆ ಹೋಗಿದ್ದೆ. ಹಳೇ ನೀರುಕಾಲುವೆಯ ಕಮಾನುಗಳ ಪಕ್ಕದಲ್ಲಿ ಮೊದಲು ಅವಳ ಬ್ಯೂಟಿ ಪಾರ್ಲರ್ ಇತ್ತು. ಮೊಣಕಾಲು ನೋವು ಬಂದ ಮೇಲೆ ಅದನ್ನೇ ವೇಪ್ ಎಂಬ ಬ್ಯಾಟರಿ ಸಿಗರೇಟಿನ ಅಂಗಡಿ ಮಾಡಿಕೊಂಡಿದ್ದಾಳೆ. ಕೂದಲು ಒಣಗಿಸುವ ಕುರ್ಚಿ ಇನ್ನೂ ಮೂಲೆಯಲ್ಲಿದೆ, ಗಿರಾಕಿಗಳು ಅದರಲ್ಲೇ ಕೂತು ಹೊಗೆ ಬಿಡುತ್ತಾರೆ.

"ಡೊಮ್ನಾ! ನೀನಾ? ನೀನು ಸಿಗರೇಟು ಬಿಡೋದಾ? ಊರಿನ ತಂಬಾಕು ಗೋದಾಮು ಇನ್ನೊಂದ್ಸಲ ಮುಚ್ಚಿದ ಹಾಗಾಯ್ತು!" ಎಂದು ನಕ್ಕಳು. ಕಾರಣ ಹೇಳಿದ ಮೇಲೆ ನಗು ನಿಲ್ಲಿಸಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ಒಂದು ಕೊಳವೆ ಕೊಟ್ಟಳು, ಗಾಜಿನ ಪುಟ್ಟ ಟ್ಯಾಂಕು ಇರುವಂಥದ್ದು. ತಂಬಾಕಿನ ರುಚಿಯ ದ್ರವ ತುಂಬಿದಳು. ಹಂತಹಂತವಾಗಿ ನಿಕೋಟಿನ್ ಇಳಿಸುತ್ತಾ ಸೊನ್ನೆಗೆ ಬರಬೇಕಂತೆ.

ಸೇದಿದೆ. ಒದ್ದೆ ಕಂಬಳಿಯೊಳಗೆ ಉಸಿರು ಎಳೆದ ಹಾಗಿದೆ.

ಜನವರಿ 15, ಬುಧವಾರ

ತಂಬಾಕಿನ ರುಚಿ ಸಾಕಾಯಿತು. ಅದು ಸಿಗರೇಟನ್ನು ನೆನಪಿಸುತ್ತದೆಯೇ ಹೊರತು ಸಿಗರೇಟಲ್ಲ. ಪೀಚ್ ಹಣ್ಣಿನದು ತಂದು ಮೇಲಿನಿಂದ ಸುರಿದೆ. ಆಷ್‌ಟ್ರೇಯಲ್ಲಿ ಹಣ್ಣು ಕತ್ತರಿಸಿಟ್ಟು ತಿಂದ ಹಾಗಾಯಿತು.

ಸುಲ್ತಾನಾಗೆ ಫೋನ್ ಮಾಡಿದೆ.

"ತೊಳೆದ್ಯಾ?"

"ಇಲ್ಲ."

"ಬೇಳೆ ಮಾಡಿದ ಪಾತ್ರೇಲೇ ತೊಳೀದೆ ಪಾಯಸ ಮಾಡ್ತೀಯೇನೇ? ಬಿಚ್ಚು. ಬಿಸಿನೀರಲ್ಲಿ ತೊಳಿ. ಒಳಗೆ ಹತ್ತಿ ಸುತ್ತಿರೋ ಸಣ್ಣ ಕಾಯಿಲ್ ಇರುತ್ತಲ್ಲ, ಅದನ್ನ ಎಸಿ. ಹತ್ತಿ ಒಂದ್ಸಲ ಕುಡಿದಿದ್ದನ್ನ ಬಿಡಲ್ಲ."

ತೊಳೆದೆ. ಹೊಸ ಕಾಯಿಲ್ ಹಾಕಿದೆ. ಹೊಸ ಹತ್ತಿ ನೆನೆಯುವ ತನಕ ಕಾಯಬೇಕಂತೆ. ನಾನು ಕಾಯಲಿಲ್ಲ. ಸುಟ್ಟ ಬಟ್ಟೆಯ ರುಚಿ ಗಂಟಲಿಗಿಳಿಯಿತು. ಅದನ್ನೂ ಎಸೆದು ಇನ್ನೊಂದು ಹಾಕಿದೆ.

ಜನವರಿ 20, ಸೋಮವಾರ

ಸುಲ್ತಾನಾ ಪ್ರೀತಿಯಿಂದ ಒಂದು ಬಾಟಲಿ ಉಡುಗೊರೆ ಕೊಟ್ಟಳು. ಸೋಂಪು. ಮೊದಲ ದಿನ ಚೆನ್ನಾಗಿತ್ತು, ಎರಡನೇ ದಿನ ತಲೆನೋವು, ಮೂರನೇ ದಿನ ಬಿಸಿನೀರಲ್ಲಿ ತೊಳೆದು, ಕಾಯಿಲ್ ಬದಲಿಸಿ, ಮತ್ತೆ ಪೀಚ್ ಹಾಕಿದೆ. ಸೋಂಪೇ ಬಂತು. ನಿಂಬೆ ಹಾಕಿದೆ. ಸೋಂಪೇ. ಸುಲ್ತಾನಾ ಈಗ ಹೇಳುತ್ತಾಳೆ: "ಅಯ್ಯೋ, ಸೋಂಪು, ದಾಲ್ಚಿನ್ನಿ, ಪುದೀನ, ಈ ಮೂರು ಒಳಗೆ ಬಂದ್ರೆ ಮನೆ ಖಾಲಿ ಮಾಡಲ್ಲ ಕಣೇ." ಕೊಡುವಾಗ ಯಾಕೆ ಹೇಳಲಿಲ್ಲ?

ಇವತ್ತು ಕೌಂಟರಿನಲ್ಲಿ ಒಬ್ಬ ಮುದುಕ ಚಿಲ್ಲರೆ ಹುಡುಕುತ್ತಾ ನಿಂತಿದ್ದಕ್ಕೆ ರೇಗಿದೆ. "ಹಡಗು ನಿಮ್ಮ ಜೇಬಿಗೋಸ್ಕರ ನಿಲ್ಲಲ್ಲ ತಾತ" ಎಂದೆ. ಅವನು ಬೆವರಿದ. ಆ ಬೆವರು ನೋಡಿದಾಗಿನಿಂದ ಸಮಾಧಾನವಿಲ್ಲ.

ಅಮ್ಮ ಫೋನ್ ಮಾಡಿ, "ಲಜಾರೋಸ್ ನಿನ್ನ ಕೇಳ್ತಿದ್ದ" ಎಂದಳು.

"ಏನು ಕೇಳ್ತಿದ್ದ? ಕಿಡ್ನಿ ಎಡಗಡೇದೋ ಬಲಗಡೇದೋ ಅಂತಾನಾ?"

ಅಮ್ಮ ಫೋನ್ ಇಟ್ಟುಬಿಟ್ಟಳು.

ಜನವರಿ 25, ಶನಿವಾರ

ಟ್ಯಾಂಕನ್ನು ಕಾಫಿ ಮಾಡುವ ಗಿಂಡಿಯಲ್ಲಿ ಕುದಿಸಿದೆ. ಕುದ್ದದ್ದನ್ನು ಎತ್ತಿ ತಣ್ಣೀರಿಗೆ ಹಾಕಿದೆ. ಟಕ್ ಎಂದಿತು, ಗಾಜು ಸೀಳಿತು. ಈಗ ಬೆಳಗಿನ ಕಾಫಿಯೂ ಸೋಂಪು. ಗಾಜು ತರಲು ಹೋದಾಗ ಸುಲ್ತಾನಾ ಒಣಗಿಸುವ ಕುರ್ಚಿಗೆ ಒರಗಿ ನಗುತ್ತಲೇ ಇದ್ದಳು. ನನಗೆ ನಗು ಬರಲಿಲ್ಲ. ನನ್ನ ಹಲ್ಲುಗಳೇ ನನಗೆ ತುರಿಸುತ್ತಿವೆ.

ಫೆಬ್ರವರಿ 4, ಮಂಗಳವಾರ

ಥೆಸಲೋನಿಕಿ. ಇಷ್ಟು ದಿನ ಲಜಾರೋಸನ ಆಸ್ಪತ್ರೆಯ ದಿನವೂ ನನ್ನದೂ ಒಂದೇ ಆಗದ ಹಾಗೆ ಅಮ್ಮ ನೋಡಿಕೊಂಡಿದ್ದಳು. ಇವತ್ತು ಇಬ್ಬರೂ ಒಟ್ಟಿಗೆ ಬರಬೇಕೆಂದು ಆಸ್ಪತ್ರೆಯವರೇ ಹೇಳಿದ್ದರು. ಬೇರೆ ಬೇರೆ ಬಸ್ಸಿನಲ್ಲಿ ಹೋದೆವು.

ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದವನನ್ನು ಮೊದಲು ಗುರುತು ಹಿಡಿಯಲಿಲ್ಲ. ಮುಖ ಬೂದಿ ಬಣ್ಣ. ಕೋಟು ಬೇರೆ ಯಾರದೋ ಎಂಬಂತೆ ಭುಜದಿಂದ ಇಳಿಬಿದ್ದಿತ್ತು. ಕುತ್ತಿಗೆಯ ಬುಡದಲ್ಲಿ ಬ್ಯಾಂಡೇಜು, ಅದರಿಂದ ಹೊರಟ ಎರಡು ಕೊಳವೆ.

"ಅಕ್ಕ" ಎಂದ.

"ಹೂಂ."

"ಬಸ್ಸು ಸಿಕ್ತಾ?"

"ಸಿಗದೆ ನಡ್ಕೊಂಡು ಬಂದೆ ಅನ್ಕೊಂಡ್ಯಾ?"

ಸ್ವಲ್ಪ ಹೊತ್ತಿನ ಮೇಲೆ ಮೂಗು ಅರಳಿಸಿದ. "ಏನಕ್ಕ ಇದು, ಬೆಳಿಗ್ಗೆ ಬೆಳಿಗ್ಗೇನೇ ಊಜೊ ಹಾಕ್ಕೊಂಡು ಬಂದಿದೀಯ?"

ಎದ್ದು ಇನ್ನೊಂದು ಬೆಂಚಿಗೆ ಹೋಗಿ ಕೂತೆ. ಊಜೊ ಹೆಂಡದಲ್ಲೂ ಇದೇ ಸೋಂಪು. ಕೋಟಿಗೂ ಹತ್ತಿದೆಯೇ ಆ ದರಿದ್ರ ವಾಸನೆ!

ಕಸಿ ವಿಭಾಗದ ಸಿಸ್ಟರ್ ವಾಯಾ ಒಳಗೆ ಕರೆದಳು. ಅವಳದು ಮೆತ್ತಗಿನ ದನಿ, ಬಾಗದ ಬೆನ್ನು. "ಮಾರ್ಚ್ ಇಪ್ಪತ್ತಕ್ಕೆ ಪರೀಕ್ಷೆ. ಅಷ್ಟೊತ್ತಿಗೆ ಸೊನ್ನೆ ಆಗಿರ್ಬೇಕು. ಆಗದಿದ್ರೆ ಹೇಳಿ, ಬೈಯಲ್ಲ. ಆದರೆ ಮುಚ್ಚಿಡಬೇಡಿ." ಆಮೇಲೆ ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದಳು: "ನೀವು ಯಾರ ಬಲವಂತಕ್ಕೂ ಕೊಡ್ತಿಲ್ಲ ತಾನೆ?" ಇಲ್ಲ ಎಂದೆ. "ಯಾಕೆ ಕೊಡ್ತಿದೀರಿ ಹಾಗಾದ್ರೆ?" "ಎರಡಿದೆ, ಒಂದು ಕೊಡ್ತಿದೀನಿ" ಎಂದೆ. ಅವಳು ಏನೋ ಬರೆದುಕೊಂಡಳು.

ಇನ್ನು ನಮ್ಮ ಮಾತು ನಿಂತ ಕಥೆ ಬರೆದೇಬಿಡುತ್ತೇನೆ, ಇಲ್ಲವಾದರೆ ಇಡೀ ದಿನ ತಲೆಯಲ್ಲಿ ಸುತ್ತುತ್ತದೆ. ನನ್ನ ಗಂಡನಾಗಿದ್ದ ಥನಾಸಿಸ್ ನನ್ನನ್ನು ಬಿಟ್ಟು ತನ್ನ ಬೆನ್ನುನೋವಿಗೆ ಮಾಲೀಷು ಮಾಡುತ್ತಿದ್ದವಳನ್ನು ಮದುವೆಯಾದ. ಆಗಲಿ. ಗಂಡಸರು ಇನ್ನೂ ಹೀನಾಯವಾದದ್ದನ್ನು ಮಾಡುತ್ತಾರೆ. ಆದರೆ ಚರ್ಚಿನಲ್ಲಿ ಅವರ ಹಿಂದೆ ನಿಂತು, ಇಬ್ಬರ ತಲೆಯ ಮೇಲಿನ ಹೂಕಿರೀಟ ಅದಲುಬದಲು ಮಾಡಿದವನು ಯಾರು? ವರನ ಕಡೆಯ ಸಾಕ್ಷಿ, ಧರ್ಮಬಂಧು ಯಾರು? ಚಿಕ್ಕಂದಿನಲ್ಲಿ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗುತ್ತಿದ್ದವನು. ನಾನು ಶಾಲೆಗೆ ಕೈಹಿಡಿದು ಕರೆದೊಯ್ದವನು. ಫೋಟೋದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ.

ಫೆಬ್ರವರಿ 9, ಭಾನುವಾರ

ನಿಕೋಟಿನ್ ಅರ್ಧಕ್ಕೆ ಇಳಿಸಿದೆ. ಗಾಳಿ ಜೋರು, ಹಡಗಿಲ್ಲ, ಕೌಂಟರಿನಲ್ಲಿ ಕೆಲಸವಿಲ್ಲ. ಗಾಜಿಗೆ ಹಣೆ ಒತ್ತಿಕೊಂಡು ನಿಂತೆ. ಎದ್ದೆ, ಕೂತೆ, ಎದ್ದೆ.

ಫೆಬ್ರವರಿ 16, ಭಾನುವಾರ

ಸೋಂಪು ಎಲ್ಲಿ ಅಡಗಿದೆ ಎಂದು ಗೊತ್ತಾಯಿತು. ಟ್ಯಾಂಕಿನ ಕೆಳಗೂ ಮೇಲೂ ಇರುವ ಸಣ್ಣ ರಬ್ಬರ್ ವಾಷರುಗಳಲ್ಲಿ. ಒಂದೊಂದನ್ನೂ ಸೂಜಿಯಿಂದ ಎತ್ತಿ ಮೂಸಿದೆ. ಗಾಜಿಗೆ ವಾಸನೆ ಇಲ್ಲ, ಲೋಹಕ್ಕೆ ಇಲ್ಲ, ರಬ್ಬರಿಗೆ ಇದೆ.

"ತ್ಸಿಪುರೊದಲ್ಲಿ ನೆನೆಸು" ಎಂದಿದ್ದಳು ಸುಲ್ತಾನಾ. ಅಪ್ಪನ ಕಾಲದ ಹೆಂಡದ ಬಾಟಲಿಯಲ್ಲಿ ಸ್ವಲ್ಪ ಉಳಿದಿತ್ತು. ಎಲ್ಲ ಬಿಡಿಭಾಗಗಳನ್ನೂ ಅದರಲ್ಲಿ ಮುಳುಗಿಸಿ ಅಂಗಡಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಬಾಯಿಗೆ ಇಡುವ ಪ್ಲಾಸ್ಟಿಕ್ ತುದಿ ಬೆಳ್ಳಗಾಗಿ ಬಿರುಕು ಬಿಟ್ಟಿತ್ತು, ವಾಷರುಗಳು ಊದಿಕೊಂಡಿದ್ದವು.

"ಲೋಹಾನ ನೆನೆಸು ಅಂದೆ!"

"ಲೋಹ ಅಂತ ಹೇಳ್ಲಿಲ್ಲ ನೀನು ಸುಲ್ತಾನಕ್ಕಾ."

"ಪ್ಲಾಸ್ಟಿಕ್ ಯಾರಾದ್ರೂ ಹೆಂಡಕ್ಕೆ ಹಾಕ್ತಾರಾ?"

"ನಾನು ಹಾಕ್ದೆ!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊಸ ವಾಷರುಗಳ ಪೊಟ್ಟಣ, ಹೊಸ ತುದಿ ಕೊಟ್ಟಳು. ಲೋಹದ ಭಾಗಗಳನ್ನು ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಇಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಟವೆಲಿನ ಮೇಲೆ ಹರಡಿದ್ದೇನೆ. ಒಣಗುವ ತನಕ ಸೇದುವಂತಿಲ್ಲ. ಅಡುಗೆಮನೆಯ ಕಪಾಟುಗಳನ್ನೂ ತಿಕ್ಕಿದೆ. ಸ್ನಾನದ ಮನೆಯನ್ನೂ.

ಫೆಬ್ರವರಿ 17, ಸೋಮವಾರ

ಇನ್ನೂ ಇದೆ. ತೆಳ್ಳಗೆ, ಉಸಿರಿನ ಕೊನೆಯಲ್ಲಿ. ನನಗೆ ಹುಚ್ಚು ಹಿಡಿಯುತ್ತದೆ.

ಮಾರ್ಚ್ 3, ಸೋಮವಾರ

ಈಸ್ಟರಿಗೆ ಮುಂಚಿನ ಉಪವಾಸದ ಮೊದಲ ದಿನ. ಇಡೀ ಊರು ಗಾಳಿಪಟ ಹಾರಿಸುತ್ತಿತ್ತು. ಅಮ್ಮ ಊಟಕ್ಕೆ ಕರೆದಳು. ಲಜಾರೋಸ್ ಇರುತ್ತಾನೆಂದು ಗೊತ್ತಿತ್ತು, ಆದರೂ ಹೋದೆ. ಕಿಡ್ನಿ ಹೋಗುವ ಕಡೆ ನಾನು ಹೋಗಬಾರದೆಂದೇನಿಲ್ಲವಲ್ಲ.

ಮೇಜಿನ ಮೇಲೆ ಉಪವಾಸಕ್ಕೆ ಸಲ್ಲುವ ಎಳ್ಳಿನ ರೊಟ್ಟಿ, ಆಲಿವ್, ಆಕ್ಟೋಪಸ್, ಹಲ್ವ. ಅವನಿಗೆ ಅದರಲ್ಲಿ ಮುಕ್ಕಾಲು ಪಾಲು ನಿಷೇಧ. ನೀರೂ ಅಳತೆಯದ್ದು. ಅವನು ಒಂದು ಐಸ್ ತುಂಡನ್ನು ಬಾಯಲ್ಲಿಟ್ಟುಕೊಂಡು, ಕೆನ್ನೆಯಿಂದ ಕೆನ್ನೆಗೆ ದಾಟಿಸುತ್ತಾ, ಕರಗದಿರಲಿ ಎಂಬಂತೆ ಕೂತಿದ್ದ. ನಾನು ನೀರಿನ ಲೋಟ ಎತ್ತಿದವಳು ಯಾಕೋ ಕೆಳಗಿಟ್ಟೆ.

ಅಮ್ಮ ಪಾತ್ರೆ ತೊಳೆಯಲು ಎದ್ದಳು. ಬೇಕೆಂದೇ ಎದ್ದಳು.

"ಯಾಕೋ ನಿಂತೆ ಅವನ ಪಕ್ಕ?" ಎಂದೆ. ಬಾಯಿಂದ ಹಾಗೇ ಬಿದ್ದಿತು.

ಅವನು ಯಾರ ಪಕ್ಕ ಎಂದು ಕೇಳಲಿಲ್ಲ. "ಅವನ ಹತ್ರ ದೋಣಿ ಇತ್ತು ಅಕ್ಕ."

"ಏನು?"

"ದೋಣಿ. ಭಾನುವಾರ ಮೀನಿಗೆ ಹೋಗ್ತಿದ್ವಿ. ನಿಮ್ಮಿಬ್ರದ್ದು ಮುರಿದ ಮೇಲೂ ಹೋಗ್ತಿದ್ವಿ. ಒಂದಿನ ಬಲೆ ಎಳೀತಾ ಇರ್ಬೇಕಾದ್ರೆ, ಮದುವೇಲಿ ನನ್ನ ಪಕ್ಕ ನಿಲ್ತೀಯಾ ಅಂತ ಕೇಳ್ದ. ಆಗಲ್ಲ ಅಂದ್ರೆ ಭಾನುವಾರ ಹೋಗುತ್ತೆ ಅನ್ನಿಸ್ತು. ಹೂಂ ಅಂದೆ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ರೆ ಆವಾಗ್ಲೇ ಬಂದು ಹೇಳ್ತಿದ್ದೆ."

"ಮೀನಿಗೋಸ್ಕರ?"

"ಸಣ್ಣ ಮೀನು ಅದೂ."

"ಕತ್ತೆ ನೀನು."

"ಹೌದು."

ನಾನು ಆರು ವರ್ಷ ಅವನ ಬಗ್ಗೆ ಏನೇನು ಯೋಚಿಸಿದ್ದೆ! ನನ್ನ ಮೇಲೆ ಹಳೆಯ ದ್ವೇಷವಿತ್ತು, ನಾನು ಅಪ್ಪನ ಮುದ್ದಿನವಳೆಂದು ಹೊಟ್ಟೆಕಿಚ್ಚಿತ್ತು, ಥನಾಸಿಸ್ ತಲೆ ಕೆಡಿಸಿದ್ದ. ದೋಣಿಯಂತೆ! ಕೋಪಕ್ಕೆ ಜೇಬಿನಿಂದ ಕೊಳವೆ ತೆಗೆದೆ.

"ಕೊಡಿಲ್ಲಿ" ಎಂದ. "ಬಂದಾಗಿಂದ ಸೋಂಪು ಹೊಡೀತಿದೆ."

ಎಲ್ಲ ಮಾಡಿ ನೋಡಿದ್ದೇನೆ ಎಂದೆ. ಅವನು ಕೇಳಿಸಿಕೊಳ್ಳದೆ ಬಿಚ್ಚಿದ. ಕೆಲಸವಿಲ್ಲದೆ ತಿಂಗಳುಗಟ್ಟಲೆ ಕೂತಿದ್ದ ಬೆರಳುಗಳು. "ಕಾರ್ಬ್ಯುರೇಟರ್ ಇದ್ದಂಗೇ ಇದೆ. ಗಾಳಿ ಬರೋ ದಾರಿ ತೊಳೆದ್ಯಾ?" ಗಾಳಿಗೆ ದಾರಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಬುಡದ ಸಣ್ಣ ತೂತಿನೊಳಗೆ ತೂರಿಸಿ ತಿರುಗಿಸಿದ. ಕಡ್ಡಿ ಕಂದು ಬಣ್ಣದ ಅಂಟು ಮೆತ್ತಿಕೊಂಡು ಹೊರಬಂತು. ಮೂಸಿ ನನ್ನ ಮೂಗಿಗೆ ಹಿಡಿದ. "ತಗೋ, ನಿನ್ನ ದೆವ್ವ." ಅಮ್ಮ ಬಿಸಿನೀರು ತಂದಳು. ಮೂರೂ ಜನ ಹೆಬ್ಬೆರಳಿನಷ್ಟಿರುವ ಟ್ಯಾಂಕಿನ ಮೇಲೆ ಬಗ್ಗಿಕೊಂಡು ಕೂತಿದ್ದೆವು.

ಸೋಂಪು ಹೋಯಿತು. ಮನೆಗೆ ಬಂದು ಸೊನ್ನೆ ನಿಕೋಟಿನ್ನಿನ ದ್ರವ ಹಾಕಿ ಸೇದಿದೆ. ಏನೂ ಇಲ್ಲ. ಬರೀ ಬಿಸಿ ಗಾಳಿ. ಅಷ್ಟು ದಿನ ಸೋಂಪನ್ನು ಬೈಯುತ್ತಿದ್ದೆ, ಈಗ ಬೈಯಲು ಏನೂ ಇಲ್ಲ. ಎದೆಯಲ್ಲಿ ಏನೋ ಉಗುರಿನಿಂದ ಕೆರೆಯುತ್ತಿದೆ.

ಹಳೆಯ ಬಾಟಲಿಯಲ್ಲಿ ಅರ್ಧ ನಿಕೋಟಿನ್ನಿನದು ತಳದಲ್ಲಿತ್ತು. ಅರ್ಧ ಟ್ಯಾಂಕು ಮಾತ್ರ. ಆಮೇಲೆ ಸೋಡಾ ಹಾಕಿ ಚೆನ್ನಾಗಿ ತೊಳೆದೆ, ಗಾಳಿಯ ದಾರಿಯನ್ನೂ.

ಮಾರ್ಚ್ 12, ಬುಧವಾರ

ಹಡಗು ಲೇಟು, ಕಿರಿಕಿರಿ. ಸ್ವಲ್ಪ ಹಾಕಿಕೊಂಡೆ. ತೊಳೆದೆ.

ಮಾರ್ಚ್ 17, ಸೋಮವಾರ

ಸ್ವಲ್ಪ. ಇದೇ ಕೊನೆ. ಎಲ್ಲ ಬಿಚ್ಚಿ ತೊಳೆದು, ಹೊಸ ಕಾಯಿಲ್, ಹೊಸ ವಾಷರು. ಅಂಗಡಿಯಿಂದ ಈಗ ತಾನೇ ಬಂದಂತಿದೆ.

ಲಜಾರೋಸ್ ಫೋನ್ ಮಾಡಿದ್ದ. ಯಂತ್ರ ಹೇಗಿದೆ ಎಂದು ಕೇಳಿದ. ಹೊಳೆಯುತ್ತಿದೆ ಎಂದೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ವಾಯಾಳ ಫೋನು.

"ಡೊಮ್ನಾ, ಪರೀಕ್ಷೇಲಿ ನಿಕೋಟಿನ್ ಬಂದಿದೆ."

"ಸಾಧ್ಯವೇ ಇಲ್ಲ. ಹಳೇ ರುಚಿ ಟ್ಯಾಂಕಲ್ಲಿ ಉಳಿದಿರುತ್ತೆ ಸಿಸ್ಟರ್, ಅದು..."

"ಉಳಿದ ರುಚಿಗೆ ಇಷ್ಟು ಬರಲ್ಲ."

"ನಾನು ಪ್ರತಿ ಸಲ ತೊಳೆದಿದೀನಿ."

ಹೇಳಿದ ಮೇಲೆ, ಏನು ಒಪ್ಪಿಕೊಂಡೆ ಎಂದು ನನಗೇ ಕೇಳಿಸಿತು. ಅವಳಿಗೂ ಕೇಳಿಸಿತು.

"ಟ್ಯಾಂಕು ತೊಳೆದಿದೀರಿ, ಸರಿ" ಎಂದಳು, ಬೈಯದೆ. "ಅದು ನಿಮ್ಮ ಮೈಯಿಂದ ತೊಳೆದು ಹೋಗ್ಲಿಲ್ಲ. ಸರ್ಜನ್ ಒಪ್ಪಲ್ಲ. ಆಪರೇಷನ್ ಇನ್ನು ಈಸ್ಟರ್ ಮುಗಿದ ಮೇಲೆ, ಏಪ್ರಿಲ್ ಇಪ್ಪತ್ತೊಂಬತ್ತು. ತಮ್ಮನಿಗೆ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ನಾನೇ ಹೇಳುತ್ತೇನೆ ಎಂದೆ.

ಡಯಾಲಿಸಿಸ್ ಕೇಂದ್ರದೊಳಗೆ ಇವತ್ತೇ ಮೊದಲು ಕಾಲಿಟ್ಟದ್ದು. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಯಂತ್ರ, ಅದರಲ್ಲಿ ತಿರುಗುತ್ತಿರುವ ರಕ್ತ. ಅವನ ರಕ್ತ ಅವನ ಹೊರಗೆ ಓಡಾಡುತ್ತಿತ್ತು. ನನ್ನನ್ನು ನೋಡಿ ಎದ್ದು ಕೂರಲು ಹೋದ, ಕೊಳವೆ ಬಿಡಲಿಲ್ಲ.

ಹೇಳಿದೆ. ನಿಂತೇ ಹೇಳಿದೆ.

"ಒಂದು ಕೆಲಸ ಅಕ್ಕ" ಎಂದ. ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ಒಂದೇ ಒಂದು. ನಾನೇ ಕೂತು ತೊಳೆದುಕೊಟ್ಟೆನಲ್ಲ. ಅದರಲ್ಲೇ ಮತ್ತೆ ಹಾಕ್ಕೊಂಡ್ಯಾ?"

"ಹೂಂ."

"ನಂಗೆ ಕೊಡೋಕೆ ಇಷ್ಟ ಇಲ್ದಿದ್ರೆ ಕೊಡಬೇಡ. ಹೀಗೆ ಮಾಡಬೇಡ."

"ಇಷ್ಟ ಇಲ್ಲ ಅಂತ ಯಾರು ಹೇಳಿದ್ದು?"

"ನೀನು ಯಾವತ್ತು ಇದೆ ಅಂದೆ?"

ಯಂತ್ರ ಕೂಗಿಕೊಂಡಿತು. ನರ್ಸು ಬಂದು, ಬಿಪಿ ಏರಿದೆ, ಮಾತು ಸಾಕು ಎಂದಳು. ಅವನು ಕಣ್ಣು ಮುಚ್ಚಿದ. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮುಗಿಯುವ ತನಕ ಕೂತೆ. ಅವನು ಗೋಡೆ ಹಿಡಿದುಕೊಂಡು ಹೊರಬಂದ. ಕೈಯಿಂದ ಚೀಲ ಕಿತ್ತುಕೊಂಡೆ. ಬಸ್ ಸ್ಟಾಪಿನ ತನಕ ನಾನೇ ಹೊತ್ತು ನಡೆದೆ. ಬಸ್ಸು ಹತ್ತುವಾಗ ಅವನು ನನ್ನ ಭುಜ ಹಿಡಿದ, ಬೀಳಬಾರದೆಂದು. ಆ ಹಿಡಿತಕ್ಕೆ ತೂಕವೇ ಇರಲಿಲ್ಲ.

ಹಳೆಯ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದೆ.

ಮಾರ್ಚ್ 25, ಮಂಗಳವಾರ

ಮಾತೆ ಮರಿಯಳ ಹಬ್ಬ. ಬೀದಿ ತುಂಬ ಬೆಳ್ಳುಳ್ಳಿ, ಕರಿದ ಮೀನಿನ ವಾಸನೆ. ಇಷ್ಟು ಜೋರಾಗಿ ಮೊದಲು ಬರುತ್ತಿತ್ತೇ? ಯಾರನ್ನೂ ನೋಡಲು ಮನಸ್ಸಿಲ್ಲ.

ಮಾರ್ಚ್ 30, ಭಾನುವಾರ

ಲಜಾರೋಸನಿಗೆ ಜ್ವರ. ಕುತ್ತಿಗೆಯ ಕೊಳವೆಯಿಂದ ಸೋಂಕು ರಕ್ತಕ್ಕೆ ಇಳಿದಿದೆ. ಆಸ್ಪತ್ರೆಗೆ ಸೇರಿಸಿದ್ದಾರೆ. ಹಳೆಯ ದಿನಾಂಕವೇ ಇದ್ದಿದ್ದರೆ ಮೊನ್ನೆ ಗುರುವಾರವೇ ಆಪರೇಷನ್ ಆಗಿ ಆ ಕೊಳವೆಯೇ ಇರುತ್ತಿರಲಿಲ್ಲ. ಅಮ್ಮ ಅದನ್ನು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಏಪ್ರಿಲ್ 2, ಬುಧವಾರ

ಹಗಲು ಅಮ್ಮ ಕೂರುತ್ತಾಳೆ, ಕೌಂಟರು ಮುಗಿಸಿ ನಾನು ಹೋಗುತ್ತೇನೆ. ಅವನು ಬಿಸಿಬಿಸಿ ಇದ್ದಾನೆ. ಹಲ್ಲು ಕಟಕಟ ಎನ್ನುವಷ್ಟು ನಡುಕ ಬರುತ್ತದೆ, ಆಮೇಲೆ ಬೆವರು. ಇವತ್ತು ಕಣ್ಣು ತೆರೆದು, "ಅಕ್ಕ, ಸ್ಕೂಟರ್ ಒಳಗೆ ತಗೊಂಡ್ಯಾ? ಮಳೆ ಬರ್ತಿದೆ" ಎಂದ. ಮಳೆ ಇರಲಿಲ್ಲ. ತಗೊಂಡೆ ಎಂದೆ. ನೆಮ್ಮದಿಯಿಂದ ಮಲಗಿದ.

ಡಾಕ್ಟರರೊಂದಿಗೆ ಜಗಳವಾಡಿದೆ. ಔಷಧಿ ಬದಲಿಸುತ್ತೇವೆ ಎಂದು ನಿನ್ನೆಯಿಂದ ಹೇಳುತ್ತಿದ್ದಾರೆ. "ನೀವು ರೋಗಿಗೆ ಏನಾಗ್ಬೇಕು?" ಎಂದು ಕೇಳಿದರು. "ಅವನ ಕಿಡ್ನಿ" ಎಂದೆ. ಬದಲಿಸಿದರು.

ಏಪ್ರಿಲ್ 6, ಭಾನುವಾರ

ಜ್ವರ ಇಳಿದಿದೆ. ಇವತ್ತು ಎರಡು ಚಮಚ ಅನ್ನದ ಗಂಜಿ ತಿಂದ, ಉಪ್ಪಿಲ್ಲ ಎಂದು ಬೈದ. ಅಮ್ಮ ಖುಷಿಗೆ ಅತ್ತಳು. ನಾನು ಅವನ ಗಡ್ಡ ಹೆರೆದೆ, ಗಲ್ಲದ ಹತ್ತಿರ ಸ್ವಲ್ಪ ಕೊಯ್ದೆ. "ಕಿಡ್ನಿ ತೆಗೆಯೋದು ನಿನ್ನದು, ನನ್ನ ಕತ್ತಲ್ಲ" ಎಂದ.

ಏಪ್ರಿಲ್ 13, ಭಾನುವಾರ

ಮನೆಗೆ ಬಂದಿದ್ದಾನೆ. ರಕ್ತದಲ್ಲಿ ಸೋಂಕಿಲ್ಲ, ದಿನಾಂಕ ಉಳಿದಿದೆ.

ಸುಲ್ತಾನಾ ಬಂದರಿಗೆ ಬಂದಿದ್ದಳು, ಮೊಮ್ಮಗಳನ್ನು ದ್ವೀಪಕ್ಕೆ ಕರೆದುಕೊಂಡು ಹೋಗಲು. ಕೌಂಟರಿನ ಕಿಂಡಿಯಿಂದ, "ಏನೇ, ಅಂಗಡಿ ಕಡೆ ಮುಖಾನೇ ಇಲ್ಲ? ಹೊಸಾ ಮಷೀನ್ ಎಲ್ಲಾದ್ರೂ ತಗೊಂಡ್ಯಾ?" ಎಂದಳು. ಯಾವ ಮಷೀನು ಎಂದು ಕೇಳಿದೆ. ಆಮೇಲೆ ಹೊಳೆಯಿತು. ಚಳಿಗಾಲದ ಕೋಟಿನ ಜೇಬಿನಲ್ಲಿರಬೇಕು. ಅವಳಿಗೆ ಸಮುದ್ರದ ಕಡೆಯ ಸೀಟು ಕೊಟ್ಟೆ.

ಲಜಾರೋಸನಿಗೆ ಆಲೂಗಡ್ಡೆ ಎರಡು ಸಲ ಕುದಿಸಿ ನೀರು ಚೆಲ್ಲಬೇಕು, ಆಗ ಪೊಟ್ಯಾಶಿಯಂ ಇಳಿಯುತ್ತದೆ. ಅಮ್ಮನಿಗೆ ಎಷ್ಟು ಹೇಳಿದರೂ ಒಂದೇ ಸಲ ಕುದಿಸುತ್ತಾಳೆ. ನಾಳೆಯಿಂದ ನಾನೇ ಮಾಡಿಕೊಂಡು ಹೋಗುತ್ತೇನೆ.

ಏಪ್ರಿಲ್ 24, ಗುರುವಾರ

ವಾಯಾ ಫೋನ್ ಮಾಡಿದಳು. ಪರೀಕ್ಷೆ ಸ್ವಚ್ಛ. "ನೀವೇ ಹೇಳ್ತೀರಾ ಅವರಿಗೆ?" ಎಂದಳು. ಅವಳ ಮಾತು ಮುಗಿಯುವುದಕ್ಕೆ ಮುಂಚೆಯೇ ನಾನು ಬಾಗಿಲ ಹೊರಗಿದ್ದೆ. ಬಸ್ಸಿಗೆ ಕಾಯದೆ ಗುಡ್ಡ ಹತ್ತಿದೆ. ಮೇಲೆ ಹೋದಾಗಲೂ ಉಸಿರಿತ್ತು.

ಅವನು ಬಾಲ್ಕನಿಯಲ್ಲಿ ಪಕ್ಕದ ಮನೆಯವರ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದ. ಹೇಳಿದೆ. ಸ್ಕ್ರೂಡ್ರೈವರ್ ಕೆಳಗಿಟ್ಟು ಸಮುದ್ರದ ಕಡೆ ತಿರುಗಿದ. ಬಹಳ ಹೊತ್ತು ಈ ಕಡೆ ತಿರುಗಲಿಲ್ಲ. ನಾನೂ ಮುಖ ನೋಡಲು ಹೋಗಲಿಲ್ಲ.

ಏಪ್ರಿಲ್ 28, ಸೋಮವಾರ

ಥೆಸಲೋನಿಕಿ, ವಾರ್ಡು. ಈ ಸಲ ಮೂವರೂ ಒಂದೇ ಬಸ್ಸಿನಲ್ಲಿ ಬಂದೆವು. ಅಮ್ಮ ದಾರಿಯುದ್ದಕ್ಕೂ ಇಬ್ಬರ ಮಧ್ಯೆ ಕೂತು, ಇಬ್ಬರ ಕೈಯನ್ನೂ ಹಿಡಿದುಕೊಂಡು, ಇಬ್ಬರಿಗೂ ಬೇಸರ ಬರುವಷ್ಟು ಜಪ ಮಾಡಿದಳು.

ಸಂಜೆ ಅವನು ನನ್ನ ಕೋಣೆಗೆ ಬಂದ.

"ಹೆದರಿಕೆ ಆಗ್ತಿದೆಯಾ?"

"ಆಗ್ತಿದೆ" ಎಂದೆ. "ನಿಂಗೆ?"

"ನಂಗೆ ನಿನ್ನ ಬಗ್ಗೆ ಆಗ್ತಿದೆ. ಏನಾದ್ರೂ ಆದ್ರೆ ಅಮ್ಮ ನನ್ನ ಕೊಂದು ಹಾಕ್ತಾಳೆ."

"ಆಗಲ್ಲ ಬಿಡು."

"ಈಗ್ಲೂ ಬೇಡ ಅನ್ನಬಹುದಕ್ಕ. ಸಿಸ್ಟರ್ ಹೇಳಿದಾರೆ. ಬಾಗಿಲ ತನಕ ಹೋದ್ಮೇಲೂ ಅನ್ನಬಹುದಂತೆ."

"ಹೋಗಿ ಮಲಕ್ಕೋ ಹೋಗು. ಆ ಹಾಳು ಕೊಳವೆ ಇನ್ನೂ ಒಂದು ದಿನ ನಿನ್ನ ಕತ್ತಲ್ಲಿರೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ವಾಯಾ ಸಹಿಗೆ ಕಾಗದ ತಂದಾಗ ಅದೇ ಹಳೇ ಪ್ರಶ್ನೆ ಕೇಳಿದಳು: ಯಾಕೆ ಕೊಡ್ತಿದೀರಿ? ಇದೆಂಥ ಪ್ರಶ್ನೆ, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ನನಗೆ ಸಿಟ್ಟು ಬಂತು. ಸಹಿ ಹಾಕಿದೆ.

ಮೇ 1, ಗುರುವಾರ

ಬರೆಯಲು ನೋವು. ಚೆನ್ನಾಗಿದ್ದೇನೆ. ಹೊಲಿಗೆ ಕೊಕ್ಕೆಯಂತೆ ಎಳೆಯುತ್ತದೆ. ಅವನೂ ಚೆನ್ನಾಗಿದ್ದಾನೆ. ಕಿಡ್ನಿ ಜೋಡಿಸಿದ ಕೂಡಲೇ ಆಪರೇಷನ್ ಮೇಜಿನ ಮೇಲೇ ಕೆಲಸ ಶುರುಮಾಡಿತಂತೆ. ಮೂತ್ರ ಚಿಮ್ಮಿ ಸರ್ಜನ್ನಿನ ಗೌನು ಒದ್ದೆಯಾಯಿತೆಂದು ವಾಯಾ ನಗುತ್ತಾ ಹೇಳಿದಳು. ನಗಿಸಬೇಡಿ ಎಂದು ಕೈಮುಗಿದೆ, ನಕ್ಕರೆ ಹೊಟ್ಟೆ ಹರಿಯುತ್ತದೆ.

ಮೇ 3, ಶನಿವಾರ

ಮಧ್ಯಾಹ್ನ ಬಾಗಿಲು ಮೆಲ್ಲಗೆ ತೆರೆಯಿತು. ಲಜಾರೋಸ್. ಸಲೈನಿನ ಕಂಬ ತಳ್ಳಿಕೊಂಡು, ಗೋಡೆ ಹಿಡಿದುಕೊಂಡು, ಕಾರಿಡಾರಿನ ಆ ತುದಿಯಿಂದ ಒಬ್ಬನೇ ನಡೆದು ಬಂದಿದ್ದ. ಮುಖಕ್ಕೆ ಮಾಸ್ಕು. ಮಾಸ್ಕಿನ ಮೇಲಿನ ಚರ್ಮ ಮನುಷ್ಯರ ಬಣ್ಣದ್ದಾಗಿತ್ತು.

"ಯಾರು ಬಿಟ್ರೋ ನಿನ್ನ?"

"ಯಾರೂ ಇಲ್ಲ. ತಪ್ಪಿಸ್ಕೊಂಡು ಬಂದೆ."

ಕುರ್ಚಿಯಲ್ಲಿ ಕೂತ. ನೋವಾಗುತ್ತಿದೆಯಾ ಎಂದು ಕೇಳಿದ, ಆಗುತ್ತಿದೆ ಎಂದೆ. ನಿನಗೆ ಎಂದೆ, ನನಗೂ ಎಂದ. ಇನ್ನೇನೋ ಹೇಳಲು ಬಂದವನ ಹಾಗೆ ಮುಂದಕ್ಕೆ ಬಾಗಿದ, ಕೈ ಎತ್ತಿ ಹಾಸಿಗೆಯ ಅಂಚಿನಲ್ಲಿ ಇಟ್ಟ. ನಾನು ಕಾದೆ. ತಲೆ ನಿಧಾನ ವಾಲಿತು. ನೋಡಿದರೆ ನಿದ್ದೆ ಹೋಗಿದ್ದಾನೆ.

ನನಗೆ ಬಾಯಾರಿಕೆಯಾಗಿತ್ತು. ಕರೆಗಂಟೆ ಅವನ ಕೈಯ ಆಚೆ ಇತ್ತು. ಅದನ್ನು ತೆಗೆದುಕೊಳ್ಳಬೇಕಾದರೆ ಅವನ ಕೈ ಸರಿಸಬೇಕು. ಸುಮ್ಮನೆ ಮಲಗಿ ಅವನ ಉಸಿರಾಟ ನೋಡುತ್ತಿದ್ದೆ.

ಕಾರಿಡಾರಿನಲ್ಲಿ ಓಡಾಟ, ಬಾಗಿಲುಗಳ ಸದ್ದು. ಒಬ್ಬ ಹೊಸ ನರ್ಸು ಗಾಬರಿಯಿಂದ ನುಗ್ಗಿ, "ಮೂರನೇ ವಾರ್ಡಿನ ಪೇಷೆಂಟ್ ಕಾಣಿಸ್ತಿಲ್ಲ, ಇಲ್ಲಿಗೇನಾದ್ರೂ..." ಎಂದು ಗಟ್ಟಿಯಾಗಿ ಶುರುಮಾಡಿದಳು.

ಬೆರಳನ್ನು ತುಟಿಗಿಟ್ಟುಕೊಂಡೆ.

"ಮೆಲ್ಲಗೆ ಮಾತಾಡಮ್ಮ" ಎಂದೆ. "ನನ್ನ ತಮ್ಮ ಮಲಗಿದಾನೆ."